ಸಮಾನುಪಾತ: ಅಡ್ಡ ಗುಣಾಕಾರ ಎಲ್ಲಿ ನಡೀತೈತಿ, ಎಲ್ಲಿ ಕೆಡತೈತಿ?

ಎರೆಹೊಲ (ಗದಗ)
ಎಂಟು, ಒಂಬತ್ತನೇ ತರಗತಿ ಹುಡುಗರಿಗೆ ಬೀಜಗಣಿತ ಹೇಳಿಕೊಡೋರು ಇತ್ತ ಕಡೆ ಸ್ವಲ್ಪ ನೋಡ್ರಿ. ಟೈಪ್ ಮಾಡಾಕ ಸರಳ ಆಗಲಿ ಅಂತ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಬದಲು ‘ಯ’ ಅಂತ ಬರದೀನಿ.

ನೋಟ್‌ಬುಕ್‌ನ್ಯಾಗ ಮತ್ತ ಮತ್ತ ಸಿಗೂ ಮೂರು ಲೆಕ್ಕ ಇವು:

3/8 = ಯ/20. ಅಡ್ಡ ಗುಣಿಸಿ 8ಯ = 60, ಯ = 7.5. ಇದು ಸರಿ.

ಯ/3 + 1/4 = 2. ಇದಕ್ಕೂ ಅಡ್ಡ ಗುಣಿಸಿ 4ಯ + 3 = 2 ಅಂತ ಬರೀತಾರ. ಉತ್ತರ −1/4. ತಪ್ಪು.

6 ಆಳು ಒಂದು ಕೆಲಸ 10 ದಿನಕ್ಕ ಮುಗಸ್ತಾರ, 15 ಆಳು ಎಷ್ಟು ದಿನಕ್ಕ? 6/10 = 15/ಯ ಅಂತ ಬರದು 25 ದಿನ ಅಂತಾರ. ಆಳು ಹೆಚ್ಚಾದ ಮ್ಯಾಲ ದಿನಾನೂ ಹೆಚ್ಚು ಹೆಂಗ ಆದೀತು ಅಂತ ಯಾರೂ ನೋಡೂದಿಲ್ಲ.

ಮೂರಕ್ಕೂ ಒಂದ ಆಯುಧ ಎತ್ತತಾರ. ಅಡ್ಡ ಗುಣಾಕಾರನ ಮೊದಲಿಗೆ ಕಲಿಸಬಾರದೇನು? ಅಥವಾ ಕಲಿಸೂ ರೀತಿಯೊಳಗ ತಪ್ಪು ಐತೇನು?

ಅಂಶಛೇದ (ಧಾರವಾಡ)
ಆಯುಧದ್ದು ತಪ್ಪಿಲ್ರಿ, ಅದು ಎಲ್ಲಿಂದ ಬಂತು ಅಂತ ಹೇಳದ ಕೈಗೆ ಕೊಡೂದು ತಪ್ಪು. ಸಮೀಕರಣದ ನಿಯಮ ಒಂದ: ಎರಡೂ ಬದಿಗೆ ಒಂದ ಸಂಖ್ಯೆಯಿಂದ ಗುಣಿಸಿದ್ರ ತಕ್ಕಡಿ ಅಲುಗಾಡೂದಿಲ್ಲ. 3/8 = ಯ/20 ಇದ್ದಾಗ ಎರಡೂ ಬದಿಗೆ 8 × 20 ರಿಂದ ಗುಣಿಸ್ರಿ. ಎಡಕ್ಕ 8 ಹೊಡದು ಹೋಗಿ 3 × 20 ಉಳೀತೈತಿ, ಬಲಕ್ಕ 20 ಹೊಡದು ಹೋಗಿ 8 × ಯ ಉಳೀತೈತಿ. ಆ ಎರಡು ಸಾಲು ನುಂಗಿ ಬರದದ್ದ ಅಡ್ಡ ಗುಣಾಕಾರ. ಓರೆ ಗುಣಾಕಾರ ಅಂದ್ರೂ ಅದ.

ಈಗ ಎರಡನೇ ಲೆಕ್ಕ. ಯ/3 + 1/4 = 2. ಇಲ್ಲಿ ಎರಡೂ ಬದಿಗೆ 12 ರಿಂದ ಗುಣಿಸಬೇಕು: 4ಯ + 3 = 24. 21ನ್ನ 4 ರಿಂದ ಭಾಗಿಸಿದ್ರ ಯ = 5.25. ತಾಳೆ ನೋಡ್ರಿ: 5.25/3 = 1.75, ಅದಕ್ಕ 0.25 ಕೂಡಿಸಿದ್ರ 2. ಹುಡುಗ್ರು ಎಡಗಡೆ ಎರಡು ಪದಕ್ಕ 12 ಹಾಕಿ, ಬಲಗಡೆ 2ಕ್ಕ ಹಾಕೂದು ಮರೀತಾರ. ‘ಎರಡೂ ಬದಿ, ಎಲ್ಲಾ ಪದ’ ಅಂತ ಮೊದಲ ತಿಂಗಳು ಬಾಯಾಗ ಕೂಡಿಸಿಬಿಟ್ರ ಈ ತಪ್ಪು ಬರೂದಿಲ್ಲ.

ಒಂದು ಭಿನ್ನರಾಶಿ = ಇನ್ನೊಂದು ಭಿನ್ನರಾಶಿ. ನಡುವ ಬರೇ ಸಮ ಚಿಹ್ನೆ. ಆ ರೂಪ ಇದ್ದಾಗ ಮಾತ್ರ ಅಡ್ಡ ಗುಣಿಸ್ರಿ. ನಡುವ ಕೂಡಿಸೂ ಚಿಹ್ನೆ ಕಂಡ್ರ ಕೈ ತಡೀರಿ.

ಹಳೇಬಸ್‌ಸ್ಟ್ಯಾಂಡ್ (ಹುಬ್ಬಳ್ಳಿ)
ಪರೀಕ್ಷೆಯೊಳಗ ಅಷ್ಟು ಸಾಲು ಬರಿಯಾಕ ಟೈಮ್ ಎಲ್ಲಿ ಇರ್ತೈತ್ರಿ? ಅಡ್ಡ ಗುಣಿಸಿ ಮುಗಿಸೂದ ಚಲೋ.

ಅಂಶಛೇದ (ಧಾರವಾಡ)
ಪರೀಕ್ಷೆಯೊಳಗ ಮುಗಸ್ರಿ, ಬ್ಯಾಡ ಅಂದವರು ಯಾರು? ಕಲಿಯೂ ವರ್ಷದಾಗ ಮೊದಲ ಇಪ್ಪತ್ತು ಲೆಕ್ಕ ಉದ್ದ ಬರೀಲಿ. ಇಪ್ಪತ್ತೊಂದನೇದಕ್ಕ ಅವರ ಸಾಲು ಬಿಡಾಕ ಶುರು ಮಾಡ್ತಾರ.

ಸೀಮೆಸುಣ್ಣ (ಹಾವೇರಿ)
ಬಿಡಿಸುವ ಹಂತಕ್ಕೆ ಇಷ್ಟು ಚರ್ಚೆ ಬೇಕಿಲ್ಲ ಅನಿಸುತ್ತದೆ. ಹತ್ತರಲ್ಲಿ ಎಂಟು ತಪ್ಪು ಆಗೋದು ಜೋಡಿಸುವ ಹಂತದಲ್ಲಿ. ಯಾವ ಸಂಖ್ಯೆ ಎಲ್ಲಿ ಕೂರಬೇಕು ಅನ್ನೋದೇ ಗೊತ್ತಿರುವುದಿಲ್ಲ.

ಕಾಲು ಕಿಲೋ ಧಾರವಾಡ ಪೇಢಾಕ್ಕೆ 130 ರೂಪಾಯಿ ಅಂತ ಇಟ್ಟುಕೊಳ್ಳಿ, 600 ಗ್ರಾಂಗೆ ಎಷ್ಟು? ಮೊದಲು ಎರಡು ಕಂಬ ಎಳೆಸಿ, ತಲೆಯ ಮೇಲೆ ‘ಗ್ರಾಂ’, ‘ರೂಪಾಯಿ’ ಅಂತ ಬರೆಸಿ. ಮೊದಲ ಸಾಲು 250, 130. ಎರಡನೇ ಸಾಲು 600, ಯ. ಈ ಚೌಕದಿಂದ ನಾಲ್ಕು ರೀತಿ ಸಮಾನುಪಾತ ತೆಗೆಯಬಹುದು:

130/250 = ಯ/600
250/130 = 600/ಯ
130/ಯ = 250/600
ಯ/130 = 600/250

ನಾಲ್ಕನ್ನೂ ಅಡ್ಡ ಗುಣಿಸಿ ನೋಡಿ, ಎಲ್ಲದರಲ್ಲೂ ಬರೋದು 250ಯ = 78000, ಯ = 312. ಮಕ್ಕಳು ‘ಮೇಲೆ ಯಾವುದು ಬರೆಯಬೇಕು ಸರ್’ ಅಂತ ಹೆದರಿ ಕೇಳೋದು ಇದಕ್ಕೇ. ಯಾವುದಾದರೂ ಆಗುತ್ತೆ, ಎರಡೂ ಕಡೆ ಒಂದೇ ಕ್ರಮ ಇದ್ದರೆ ಸಾಕು. ಕೆಡೋದು 130/250 = 600/ಯ ಅಂತ ಬರೆದಾಗ. ಎಡಗಡೆ ರೂಪಾಯಿ ಮೇಲಿದೆ, ಬಲಗಡೆ ಗ್ರಾಂ ಮೇಲೆ ಬಂತು. ಉತ್ತರ 1153 ರೂಪಾಯಿ ಚಿಲ್ಲರೆ ಬರುತ್ತೆ. ಸಂಖ್ಯೆಯ ಪಕ್ಕದಲ್ಲಿ ಮಾನ ಬರೆದಿದ್ದರೆ ಕಣ್ಣಿಗೇ ಹೊಡೆಯುತ್ತಿತ್ತು.

ತಕ್ಕಡಿ (ರಾಣೆಬೆನ್ನೂರು)
ಇಷ್ಟೆಲ್ಲಾ ಯಾಕ್ರಿ? ಒಂದರ ಲೆಕ್ಕ ಹಿಡೀರಿ. 1 ಗ್ರಾಂಗೆ 130/250 = 52 ಪೈಸೆ. 600 ಗ್ರಾಂಗೆ 0.52 × 600 = 312. ಅಂಗಡಿಯೊಳಗ ಎಲ್ಲಾರೂ ಹಿಂಗ ಮಾಡೂದು. ಇದರಾಗ ಏನ ನಡದೈತಿ ಅಂತ ತಿಳೀತೈತಿ. ಅಡ್ಡ ಗುಣಿಸಿದಾಗ ಬರೂ 78000 ಅಂದ್ರ ಏನು ಹೇಳ್ರಿ ನೋಡೂಣು? ಗ್ರಾಂ-ರೂಪಾಯಿ. ಅಂಥ ವಸ್ತು ಜಗತ್ತಿನ್ಯಾಗ ಇಲ್ಲ.

ಸೀಮೆಸುಣ್ಣ (ಹಾವೇರಿ)
ಅರ್ಥ ಇಲ್ಲ ಅನ್ನೋದು ಒಪ್ಪಿದೆ, ಒಳ್ಳೆಯ ಮಾತು. ಆದರೆ ಒಂದರ ಲೆಕ್ಕ ಮುಗಿಯದ ದಶಮಾಂಶ ಬಂದಾಗ ಕಾಲು ಎಳೆಯುತ್ತೆ. ಯ/350 = 3/7 ತಗೊಳ್ಳಿ. 3/7 ನ್ನು 0.43 ಅಂತ ಮೊದಲೇ ದುಂಡು ಮಾಡಿದರೆ 150.5 ಬರುತ್ತೆ. ನಿಜವಾದ ಉತ್ತರ 150. ಭಾಗಾಕಾರವನ್ನು ಕೊನೆಗೆ ಇಟ್ಟರೆ, ಅಂದರೆ 3 × 350 ಮಾಡಿ ಆಮೇಲೆ 7 ರಿಂದ ಭಾಗಿಸಿದರೆ, ಈ ಪೇಚಾಟ ಇಲ್ಲ. ಇನ್ನೂ ಸುಲಭ ಬೇಕೆಂದರೆ 350 ಅಂದರೆ 7ರ 50 ಪಟ್ಟು, ಹಾಗಾಗಿ 3ರ 50 ಪಟ್ಟು. ಬರೆಯೋದೇ ಬೇಡ.

ತಕ್ಕಡಿ (ರಾಣೆಬೆನ್ನೂರು)
ಹೌದು, ಪಟ್ಟು ಕಂಡ್ರ ಪಟ್ಟು. ಅದು ಎಲ್ಲಾಕಿಂತ ಮೊದಲು ನೋಡಬೇಕಾದ್ದು. ದುಂಡು ಮಾಡೂದರ ಮಾತೂ ಖರೆ.

ಕೂರಿಗೆ (ನವಲಗುಂದ)
ಮಾನದ ವಿಷಯ ಬಂತು ಅಂತ ಹೇಳ್ತೀನಿ. ನಮ್ಮ ಕಡೆ ಹೊಲದ ಲೆಕ್ಕದಾಗ ಎಲ್ಲಾರೂ ಬೀಳೂ ಗುಂಡಿ ಎಕರೆ-ಗುಂಟೆ. 3 ಎಕರೆ 20 ಗುಂಟೆ ಅಂದ್ರ 3.20 ಅಲ್ಲ. ಎಕರೆಗೆ 40 ಗುಂಟೆ, ಹಂಗಾಗಿ ಅದು 3.5 ಎಕರೆ. 2 ಎಕರೆಗೆ 90 ಕಿಲೋ ಶೇಂಗಾ ಬೀಜ ಅಂತ ಪ್ರಶ್ನೆಯೊಳಗ ಕೊಟ್ರ 3 ಎಕರೆ 20 ಗುಂಟೆಗೆ ಎಷ್ಟು? ಎಲ್ಲಾನೂ ಗುಂಟೆಗೆ ಇಳಿಸೂದು ಭೇಷ್:

90/80 = ಯ/140, ಯ = 90 × 140 / 80 = 157.5 ಕಿಲೋ.

3.20 ಅಂತ ಹಾಕಿದ್ರ 144 ಬರತೈತಿ. 13.5 ಕಿಲೋ ಕಡಿಮಿ. ಅಷ್ಟು ನೆಲಕ್ಕ ಬೀಜ ಇಲ್ಲ ಅಂದಂಗಾತು. ಗಂಟೆ-ನಿಮಿಷಕ್ಕೂ ಇದ ರೋಗ: 2 ತಾಸು 30 ನಿಮಿಷ ಅಂದ್ರ 2.30 ಅಲ್ಲ, 2.5.

ನಕಾಶೆ (ಧಾರವಾಡ)
ನಕಾಶೆಯ ಲೆಕ್ಕದಲ್ಲೂ ಮಾನವೇ ಕಾಡುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ತಗೊಳ್ಳಿ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 20 ಕಿ.ಮೀ. ಅಂತ ಹಿಡಿದರೆ ಹಾಳೆಯ ಮೇಲೆ ಎಷ್ಟು ಸೆಂ.ಮೀ.? ಒಂದು ಕಿ.ಮೀ. ಅಂದರೆ 1,00,000 ಸೆಂ.ಮೀ., ಆದ್ದರಿಂದ 1/50,000 = ಯ/20,00,000, ಯ = 40. ಸೊನ್ನೆ ಎಣಿಸುವಾಗ ಒಂದು ಬಿಟ್ಟರೆ 4 ಸೆಂ.ಮೀ. ಬರುತ್ತೆ. 1 ಸೆಂ.ಮೀ.ಗೆ ಅರ್ಧ ಕಿ.ಮೀ. ಅಂತ ಮೊದಲೇ ಹೇಳಿಕೊಂಡರೆ ಸೊನ್ನೆಗಳ ಗೊಡವೆಯೇ ಇಲ್ಲ.

ಒಂದುಗೆರೆ (ಗದಗ)
ಮೂರನೇ ಲೆಕ್ಕಕ್ಕ ಯಾರೂ ಉತ್ತರ ಕೊಟ್ಟಿಲ್ಲಲ್ರಿ? ಆಳು-ದಿನದ್ದು. ಇಲ್ಲಿ ಭಾಗಾಕಾರ ಸ್ಥಿರ ಅಲ್ಲ, ಗುಣಾಕಾರ ಸ್ಥಿರ. 6 × 10 = 60 ಆಳು-ದಿನದ ಕೆಲಸ. 15 × ಯ = 60, ಯ = 4. ಸಮಾನುಪಾತದ ರೂಪದಾಗ ಬರೀಬೇಕು ಅಂದ್ರ ಒಂದು ಬದಿ ತಿರುಗಿಸಿ 6/15 = ಯ/10. ಆದ್ರ ತಿರುಗಿಸೂ ಕಸರತ್ತು ಕಲಿಸಬ್ಯಾಡ್ರಿ, ಯಾವ ಬದಿ ತಿರುಗಿಸಬೇಕು ಅನ್ನೂದ ಮರತು ಹೋಗತೈತಿ. ಗುಣಾಕಾರ ರೂಪದಾಗ ಬರಸ್ರಿ.

ಗುರುತು ಹಿಡಿಯೂದು ಸರಳ. ಒಂದು ಏರಿದ್ರ ಇನ್ನೊಂದೂ ಏರಿದ್ರ ನೇರ ಅನುಪಾತ, ಒಂದು ಏರಿದ್ರ ಇನ್ನೊಂದು ಇಳಿದ್ರ ವಿಲೋಮ.

ತಕ್ಕಡಿ (ರಾಣೆಬೆನ್ನೂರು)
ಇಲ್ರಿ, ಅಲ್ಲೇ ತಪ್ಪು. ಏರಿದ ಮಾತ್ರಕ್ಕ ನೇರ ಅನುಪಾತ ಆಗೂದಿಲ್ಲ. ಆಟೋ ಬಾಡಿಗೆ ಮೊದಲ 2 ಕಿ.ಮೀ.ಗೆ 40 ರೂಪಾಯಿ, ಆಮ್ಯಾಲ ಕಿ.ಮೀ.ಗೆ 15 ಅಂತ ಇಟ್ಟುಕೊಳ್ರಿ. 4 ಕಿ.ಮೀ.ಗೆ 70, 8 ಕಿ.ಮೀ.ಗೆ 130. ದೂರ ಎರಡು ಪಟ್ಟು ಆತು, ಬಾಡಿಗಿ 140 ಆಗಲಿಲ್ಲ. ಎರಡೂ ಏರ್ಯಾವ, ಸಮಾನುಪಾತ ಇಲ್ಲ. ಅಣ್ಣ-ತಮ್ಮನ ವಯಸ್ಸೂ ಕೂಡೇ ಏರತಾವ. 10ಕ್ಕ 5 ಇದ್ದಾವ 20ಕ್ಕ 10 ಆಗೂದಿಲ್ಲ, 15 ಆಗ್ತಾನ.

ಪರೀಕ್ಷೆ ಹಿಂಗ ಮಾಡಸ್ರಿ: ಇದನ್ನ ಎರಡು ಪಟ್ಟು ಮಾಡಿದ್ರ ಅದು ಸರಿಯಾಗಿ ಎರಡು ಪಟ್ಟು ಆಗತೈತೇನು? ಇದು ಸೊನ್ನೆ ಆದ್ರ ಅದೂ ಸೊನ್ನೆ ಆಗತೈತೇನು? ಎರಡಕ್ಕೂ ಹೌದು ಅಂದ್ರ ಮಾತ್ರ ನೇರ. ವಿಲೋಮಕ್ಕೂ ಹಂಗ: ಎರಡು ಪಟ್ಟು ಮಾಡಿದ್ರ ಅರ್ಧ ಆಗಬೇಕು, ಬರೇ ಇಳಿದ್ರ ಸಾಲೂದಿಲ್ಲ.

ಒಂದುಗೆರೆ (ಗದಗ)
ಒಪ್ಪಿದೆ. ನನ್ನ ಮಾತು ಅರ್ಧ ಇತ್ತು. ಎರಡು ಪಟ್ಟಿನ ಪರೀಕ್ಷೆನ ಸರಿ.

ಕೆಂಪುರಾಶಿ (ಬ್ಯಾಡಗಿ)
ಎರಡು ಪಟ್ಟಿನ ಪರೀಕ್ಷೆ ಪಾಸಾದ ಮ್ಯಾಲೂ ಎಡವೂ ಲೆಕ್ಕ ಒಂದು ಐತಿ, ಅದು ಒಣಗಿಸೂದರದ್ದು. 100 ಕಿಲೋ ಹಸಿ ಕೆಂಪು ಮೆಣಸಿನಕಾಯಿ, ಅದರಾಗ ಶೇಕಡಾ 75 ನೀರು ಅಂತ ಇಟ್ಟುಕೊಳ್ರಿ. ಕಣದಾಗ ಹರವಿ ನೀರು ಶೇಕಡಾ 10ಕ್ಕ ಇಳಿಯೂವರೆಗೂ ಒಣಗಿಸಿದ್ರ ಎಷ್ಟು ಕಿಲೋ ಉಳೀತೈತಿ?

ಹತ್ತು ಹುಡುಗರಿಗೆ ಕೇಳ್ರಿ, ಬಾಳ ಮಂದಿ 35 ಅಂತಾರ. 75 ರಿಂದ 10ಕ್ಕ ಇಳೀತು, 65 ಹೋತು, 35 ಉಳೀತು. ತಪ್ಪು ಎಲ್ಲೈತಿ ಅಂದ್ರ, ಮೊದಲ 75 ಇರೂದು 100 ಕಿಲೋದ ಮ್ಯಾಲ. ಆಮ್ಯಾಲಿನ 10 ಇರೂದು ಒಣಗಿದ ಮ್ಯಾಲಿನ ತೂಕದ ಮ್ಯಾಲ. ಬ್ಯಾರೆ ಬ್ಯಾರೆ ಬುನಾದಿ ಮ್ಯಾಲಿನ ಶೇಕಡಾ ಒಂದರಾಗಿಂದ ಒಂದು ಕಳಿಯಾಕ ಬರೂದಿಲ್ಲ.

ಒಣಗಿಸುವಾಗ ಬದಲಾಗದ್ದು ಏನು? ನೀರು ಬದಲಾಗತೈತಿ, ಒಟ್ಟು ತೂಕ ಬದಲಾಗತೈತಿ. ಸಿಪ್ಪಿ, ಬೀಜ, ತೊಟ್ಟು, ಅಂದ್ರ ನೀರು ಬಿಟ್ಟು ಉಳಿದ ಒಣ ಭಾಗ ಬದಲಾಗೂದಿಲ್ಲ. ಅದು ಮೊದಲು 25 ಕಿಲೋ, ಕಡೀಕೂ 25 ಕಿಲೋ. ಕಡೀಕ ಅದು ಒಟ್ಟು ತೂಕದ ಶೇಕಡಾ 90. ಈಗ ಸಮಾನುಪಾತ ಬರೀರಿ:

90/100 = 25/ಯ
90ಯ = 2500
ಯ = 27.78 ಕಿಲೋ.

ತಾಳೆ: 27.78ರಾಗ ಹತ್ತರಲ್ಲೊಂದು ಭಾಗ 2.78 ನೀರು, ಉಳಿದದ್ದು 25. ಕೂಡತು. 35 ಅಂದವರದ್ದು ನೋಡ್ರಿ: 35ರಾಗ ಶೇಕಡಾ 10 ನೀರು 3.5, ಒಣ ಭಾಗ 31.5. ಇದ್ದದ್ದ 25, ಮ್ಯಾಲಿನ 6.5 ಕಿಲೋ ಒಣ ಮೆಣಸಿನಕಾಯಿ ಎಲ್ಲಿಂದ ಬಂತು?

ಹಳೇಬಸ್‌ಸ್ಟ್ಯಾಂಡ್ (ಹುಬ್ಬಳ್ಳಿ)
75/100 = 10/ಯ ಅಂತ ಬರದ್ರ ಯಾಕ ಆಗೂದಿಲ್ಲ? ಎರಡೂ ಕಡೆ ಮ್ಯಾಲ ನೀರ ಐತಲ್ಲ, ಮಾನ ಕೂಡೇತಿ.

ಕೆಂಪುರಾಶಿ (ಬ್ಯಾಡಗಿ)
ಮಾನ ಕೂಡೇತ್ರಿ, ಆದ್ರ ಸಮ ಚಿಹ್ನೆ ಸುಳ್ಳು ಹೇಳಾಕತ್ತೈತಿ. 75/100 ಅಂದ್ರ ‘ಒಣಗಿಸೂ ಮೊದಲು ನೀರಿನ ಭಾಗ’. ಬಲಗಡೆ ‘ಒಣಗಿಸಿದ ಮ್ಯಾಲ ನೀರಿನ ಭಾಗ’. ಅವೆರಡೂ ಸಮ ಅಂತ ಯಾರು ಹೇಳಿದ್ರು? ಸಮ ಇದ್ದಿದ್ರ ಒಣಗಿಲ್ಲ ಅಂತ ಅರ್ಥ. ಸಮಾನುಪಾತ ಬರಿಯೂ ಮೊದಲು ‘ಈ ಎರಡು ಅನುಪಾತ ಯಾಕ ಸಮ?’ ಅನ್ನೂದಕ್ಕ ಒಂದು ವಾಕ್ಯದ ಉತ್ತರ ಇರಬೇಕು. ನಂದು: ‘ಕಡೀ ರಾಶಿಯೊಳಗ ಒಣ ಭಾಗ 90, ಒಟ್ಟು 100, ಅದ ರಾಶಿಯೊಳಗ ಒಣ ಭಾಗ 25 ಕಿಲೋ, ಒಟ್ಟು ಯ ಕಿಲೋ’. ಎರಡೂ ಒಂದ ರಾಶಿ ಬಗ್ಗೆ ಅದಾವ, ಅದಕ್ಕ ಸಮ.

ಎರೆಹೊಲ (ಗದಗ)
ಈ ‘ಯಾಕ ಸಮ’ ಅನ್ನೂ ಒಂದು ವಾಕ್ಯ ನೋಟ್‌ಬುಕ್‌ನ್ಯಾಗ ಬರಸಾಕ ಶುರು ಮಾಡಬೇಕು. ನನ್ನ ಮೂರನೇ ಲೆಕ್ಕಕ್ಕೂ ಇದ ಉತ್ತರ. 6/10 ಅಂದ್ರ ‘ದಿನಕ್ಕ 0.6 ಆಳು’. ಅದು 15/ಯಕ್ಕ ಯಾಕ ಸಮ ಇರಬೇಕು ಅಂತ ಕೇಳಿದ್ರ ಹುಡುಗನ ಹತ್ತರ ಮಾತ ಇರೂದಿಲ್ಲ.

ಖಾದಿನೂಲು (ಬೆಂಗೇರಿ, ಹುಬ್ಬಳ್ಳಿ)
ಪಟ್ಟು ಬಿಟ್ಟು ಅಂತರ ನೋಡುವ ತಪ್ಪನ್ನು ಯಾರೂ ಎತ್ತಲಿಲ್ಲ. ಅದಕ್ಕೆ ನಮ್ಮೂರಲ್ಲೇ ಒಳ್ಳೆಯ ಉದಾಹರಣೆ ಇದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜದ ಉದ್ದ : ಎತ್ತರ = 3 : 2. ಅಳತೆ ಒಂಬತ್ತು, ಮಿಲಿಮೀಟರಿನಲ್ಲಿ: 6300×4200, 3600×2400, 2700×1800, 1800×1200, 1350×900, 900×600, 450×300, 225×150, 150×100. ಒಂಬತ್ತೂ 3:2.

ಈಗ ಮಕ್ಕಳಿಗೆ ಕೇಳಿ: 900×600 ಧ್ವಜದ ಆಕಾರ ಕೆಡದಂತೆ 1350 ಉದ್ದದ ಧ್ವಜಕ್ಕೆ ಎತ್ತರ ಎಷ್ಟು? ‘ಅಲ್ಲಿ 300 ಕಡಿಮೆ ಇದೆ, ಇಲ್ಲೂ 300 ಕಡಿಮೆ’ ಅಂತ 1050 ಹೇಳುವ ಮಕ್ಕಳು ಇದ್ದೇ ಇರುತ್ತಾರೆ. ವಾದ ಮಾಡಬೇಡಿ. ಕಾಗದದಲ್ಲಿ 13.5×10.5 ಸೆಂ.ಮೀ. ಮತ್ತು 13.5×9 ಸೆಂ.ಮೀ. ಎರಡನ್ನೂ ಕತ್ತರಿಸಿ, 9×6ರ ಪಕ್ಕ ಇಡಿಸಿ. ಮೂರನ್ನೂ ಒಂದೇ ಮೂಲೆಗೆ ಜೋಡಿಸಿ ಕರ್ಣ ಎಳೆದರೆ 9×6 ಮತ್ತು 13.5×9 ರ ಕರ್ಣ ಒಂದೇ ಗೆರೆಯ ಮೇಲೆ ಬೀಳುತ್ತದೆ, 10.5ರದ್ದು ಮೇಲಕ್ಕೆ ಸರಿಯುತ್ತದೆ. ಆಮೇಲೆ 3/2 = 1350/ಯ, 3ಯ = 2700, ಯ = 900.

ಇನ್ನೊಂದು ಮಾತು. ಬಟ್ಟೆಯ ಲೆಕ್ಕಕ್ಕೆ ಈ ಅನುಪಾತ ನೇರವಾಗಿ ಹಾಕಬೇಡಿ. 900×600 ಕ್ಕೆ 0.54 ಚದರ ಮೀಟರ್. 1800×1200 ಕ್ಕೆ ಅದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 2.16. ಅತಿ ದೊಡ್ಡ 6300×4200 ಉದ್ದದಲ್ಲಿ 7 ಪಟ್ಟು, ಬಟ್ಟೆಯಲ್ಲಿ 49 ಪಟ್ಟು, 26.46 ಚದರ ಮೀಟರ್. ವಿಸ್ತೀರ್ಣವು ಉದ್ದದ ವರ್ಗದ ಜೊತೆ ಸಮಾನುಪಾತದಲ್ಲಿ ಇರುತ್ತದೆ. ಹೊಲಿಗೆ, ಹಾಸು ಅಂಚು ಸೇರಿಸಿಲ್ಲ, ಶುದ್ಧ ವಿಸ್ತೀರ್ಣ ಮಾತ್ರ.

ಕೂರಿಗೆ (ನವಲಗುಂದ)
ಕರ್ಣದ ಉಪಾಯ ಬಾಳ ಛಂದ ಐತ್ರಿ.

ಗಾರೆ (ಹಾವೇರಿ)
1:6 ಸಿಮೆಂಟ್-ಮರಳು ಲೆಕ್ಕ. ಒಟ್ಟು 35 ಬುಟ್ಟಿ ಒಣ ಮಿಶ್ರಣ ಬೇಕು, ಸಿಮೆಂಟ್ ಎಷ್ಟು? 35/6 ಅಂತಾರ. ಒಟ್ಟು ಭಾಗ 7, ಆರಲ್ಲ. 1/7 = ಯ/35, ಯ = 5. ಆದ್ರ ‘35 ಬುಟ್ಟಿ ಮರಳಿಗೆ ಸಿಮೆಂಟ್ ಎಷ್ಟು’ ಅಂತ ಕೇಳಿದ್ರ 1/6 = ಯ/35, ಯ = 5.83. ಸಂಖ್ಯೆ ಅವ, ಪ್ರಶ್ನೆ ಬ್ಯಾರೆ. ಭಾಗಕ್ಕ ಭಾಗ ಕೇಳ್ಯಾರೋ, ಭಾಗಕ್ಕ ಒಟ್ಟು ಕೇಳ್ಯಾರೋ ಅಂತ ಗೆರಿ ಹೊಡಸ್ರಿ.

ಅಂಶಛೇದ (ಧಾರವಾಡ)
ಎಲ್ಲಾರೂ ವ್ಯವಹಾರದ ಲೆಕ್ಕಕ್ಕ ಹೋದ್ರಿ. ಒಂಬತ್ತನೇದವರಿಗೆ ಬೀಜಗಣಿತದ ತೊಡಕು ಬ್ಯಾರೆ. ಇದನ್ನ ನೋಡ್ರಿ:

5/(ಯ − 2) = 3/(ಯ + 4)

ಅಡ್ಡ ಗುಣಿಸುವಾಗ 5ಯ + 4 = 3ಯ − 2 ಅಂತ ಬರೀತಾರ. ಆವರಣ ಹಾಕದ ಗುಣಿಸಿದ್ದಕ್ಕ 5 ಬರೇ ಯಕ್ಕ ತಾಗತು, 4ಕ್ಕ ತಾಗಲಿಲ್ಲ. ಮೊದಲು 5(ಯ + 4) = 3(ಯ − 2) ಅಂತ ಆವರಣದ ಸಾಲು ಬರಸ್ರಿ, ಅದನ್ನ ಬಿಡಾಕ ಕೊಡಬ್ಯಾಡ್ರಿ. ಆಮ್ಯಾಲ 5ಯ + 20 = 3ಯ − 6, 2ಯ = −26, ಯ = −13. ಮೂಲದಾಗ ಹಾಕಿ ನೋಡ್ರಿ: 5/(−15) = −1/3, 3/(−9) = −1/3. ಕೂಡತು.

ಇನ್ನು ಇದು: ಯ/(ಯ − 2) = 2/(ಯ − 2). ಅಡ್ಡ ಗುಣಿಸಿ ಎಲ್ಲಾ ಒಂದು ಕಡೆ ತಂದ್ರ ಯ² − 4ಯ + 4 = 0, ಯ = 2. ಉತ್ತರ ಬಂತು ಅಂತ ಪೆನ್ನು ಇಡ್ತಾರ. ಯ = 2 ಆದ್ರ ಛೇದ ಸೊನ್ನೆ. ಸೊನ್ನೆಯಿಂದ ಭಾಗಾಕಾರ ಇಲ್ಲ. ಈ ಸಮೀಕರಣಕ್ಕ ಪರಿಹಾರನ ಇಲ್ಲ. ಎರಡೂ ಬದಿಗೆ ಗುಣಿಸಿದ್ದು (ಯ − 2) ದಿಂದ, ಅದು ಸೊನ್ನೆ ಆಗೂ ಜಾಗದಾಗ ಗುಣಾಕಾರ ಮಾಡಿದ್ರ ಸುಳ್ಳೂ ಖರೆ ಆಗತೈತಿ. ಅದಕ್ಕ ಛೇದದಾಗ ಯ ಇದ್ರ ಮೊದಲ ಸಾಲಿನ್ಯಾಗ ‘ಯ ≠ 2’ ಅಂತ ಬರದ ಮುಂದ ಹೋಗಬೇಕು.

ಸೀಮೆಸುಣ್ಣ (ಹಾವೇರಿ)
ಇದರ ಜೊತೆಗೆ ಹೊಡೆದುಹಾಕುವ ತಪ್ಪನ್ನೂ ಸೇರಿಸಿ. (ಯ + 3)/(ಯ + 5) = 3/4 ಕೊಟ್ಟರೆ ಮೇಲಿನ ಯ, ಕೆಳಗಿನ ಯ ಹೊಡೆದು 3/5 = 3/4 ಅಂತ ಬರೆದು ‘ಸರ್, ಲೆಕ್ಕ ತಪ್ಪಿದೆ’ ಅಂತಾರೆ. ಗುಣಿಸಿದ್ದನ್ನು ಹೊಡೆಯಬಹುದು, ಕೂಡಿಸಿದ್ದನ್ನು ಹೊಡೆಯಲು ಬರೋದಿಲ್ಲ. 6/8 ಬರೆದು, 6 = 1 + 5, 8 = 3 + 5 ಅಂತ ಬಿಡಿಸಿ, ಎರಡೂ 5 ಹೊಡೆದು 1/3 ಬಂತು ನೋಡಿ ಅಂತ ತೋರಿಸಿದರೆ ಸಾಕು, ಅವರಿಗೇ ಗೊತ್ತಾಗುತ್ತೆ. ಸರಿ ದಾರಿ: 4ಯ + 12 = 3ಯ + 15, ಯ = 3, ತಾಳೆ 6/8 = 3/4.

ಲಕ್ಕುಂಡಿ_ಕಲ್ಲು (ಗದಗ)
ಸ್ವಲ್ಪ ದಾರಿ ತಪ್ಪತೀನಿ. ಎಕ್ಸ್ ಬದಲು ‘ಯ’ ಅಂತ ಬರದದ್ದು ಬರೇ ಟೈಪಿಂಗ್ ಅನುಕೂಲ ಅಲ್ರಿ, ಅದಕ್ಕ ಪೂರ್ವಿಕರೂ ಅದಾರ. 12ನೇ ಶತಮಾನದ ಎರಡನೇ ಭಾಸ್ಕರ ಗೊತ್ತಿಲ್ಲದ ರಾಶಿಗೆ ‘ಯಾವತ್-ತಾವತ್’ ಅಂತಾನ, ಅದರ ಮೊದಲ ಅಕ್ಷರ ‘ಯಾ’. ಎರಡನೇ, ಮೂರನೇ ಅವ್ಯಕ್ತ ಬಂದ್ರ ಬಣ್ಣದ ಹೆಸರು: ಕಾಲಕ, ನೀಲಕ, ಅಂದ್ರ ‘ಕಾ’, ‘ನೀ’.

ಸಮಾನುಪಾತದ ಲೆಕ್ಕಕ್ಕ ಹಳೇ ಹೆಸರು ತ್ರೈರಾಶಿಕ. ಕ್ರಿ.ಶ. 499ರ ಆರ್ಯಭಟನಲ್ಲೇ ನಿಯಮ ಐತಿ. ಮೂರು ರಾಶಿಗೆ ಮೂರು ಹೆಸರು: ಪ್ರಮಾಣ, ಫಲ, ಇಚ್ಛಾ. ಪೇಢಾ ಲೆಕ್ಕದಾಗ 250 ಪ್ರಮಾಣ, 130 ಫಲ, 600 ಇಚ್ಛಾ. ಫಲವನ್ನ ಇಚ್ಛಾದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದ್ರ ಉತ್ತರ. ಪ್ರಮಾಣ, ಇಚ್ಛಾ ಒಂದ ಜಾತಿ ಇರಬೇಕು, ಫಲ ಬ್ಯಾರೆ ಜಾತಿ. ಮ್ಯಾಲ ಸೀಮೆಸುಣ್ಣ ಹೇಳಿದ ಎರಡು ಕಂಬ ಅಂದ್ರ ಇದ. ವಿಲೋಮಕ್ಕ ವ್ಯಸ್ತ ತ್ರೈರಾಶಿಕ ಅಂತ ಹೆಸರ ಬ್ಯಾರೆ ಇಟ್ಟಿದ್ರು: ಪ್ರಮಾಣ × ಫಲ ಭಾಗಿಸು ಇಚ್ಛಾ. 6 × 10 / 15 = 4. ನಮ್ಮ ನಾಡಿನ ಮಟ್ಟಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತ್ರೈರಾಶಿಕಕ್ಕ ಒಂದು ಪ್ರಕರಣಾನ ಮೀಸಲಿಟ್ಟಾನ. 12ನೇ ಶತಮಾನದ ರಾಜಾದಿತ್ಯ ಗಣಿತಾನ ಕನ್ನಡದಾಗ ಬರದಾನ.

ಹಳೇಬಸ್‌ಸ್ಟ್ಯಾಂಡ್ (ಹುಬ್ಬಳ್ಳಿ)
ಹಂಗಾದ್ರ ಆಳು, ದಿನ, ತಾಸು, ಉದ್ದ ಎಲ್ಲಾ ಒಮ್ಮೆಲೆ ಬಂದ್ರ? 8 ಆಳು ದಿನಕ್ಕ 5 ತಾಸಿನಂತೆ 6 ದಿನ ದುಡದು 120 ಅಡಿ ಕಾಲುವೆ ತೋಡಿದ್ರ, 10 ಆಳು ದಿನಕ್ಕ 4 ತಾಸಿನಂತೆ 200 ಅಡಿ ತೋಡಾಕ ಎಷ್ಟು ದಿನ? ಯಾವುದು ನೇರ, ಯಾವುದು ವಿಲೋಮ ಅಂತ ಬಾಣ ಹಾಕೂದ್ರಾಗ ತಲಿ ಕೆಡತೈತಿ.

ತಕ್ಕಡಿ (ರಾಣೆಬೆನ್ನೂರು)
ಬಾಣ ಬಿಡ್ರಿ. ಒಂದರ ಲೆಕ್ಕ ಇಲ್ಲೇ ಗೆಲ್ಲೂದು. ಒಟ್ಟು ದುಡಿಮೆ 8 × 5 × 6 = 240 ಆಳು-ತಾಸು, 120 ಅಡಿಗೆ. ಅಡಿಗೆ 2 ಆಳು-ತಾಸು. 200 ಅಡಿಗೆ 400 ಬೇಕು. ಹೊಸ ತಂಡ ದಿನಕ್ಕ 10 × 4 = 40 ಕೊಡತೈತಿ. 400/40 = 10 ದಿನ. ಆಳು-ತಾಸು ಅನ್ನೂ ಗುಣಲಬ್ಧಕ್ಕ ಅರ್ಥ ಐತಿ, ಗ್ರಾಂ-ರೂಪಾಯಿಗೆ ಇರಲಿಲ್ಲ.

ಲಕ್ಕುಂಡಿ_ಕಲ್ಲು (ಗದಗ)
ಹಳಬರು ಇದಕ್ಕ ಪಂಚರಾಶಿಕ, ಸಪ್ತರಾಶಿಕ ಅಂತ ಮುಂದುವರಸ್ಯಾರ. ಆಳು, ತಾಸು, ದಿನ, ಅಡಿ ಎಣಿಸಿದ್ರ ಇದು ಸಪ್ತರಾಶಿಕ: ಏಳು ಗೊತ್ತು, ಎಂಟನೇದು ಕಂಡು ಹಿಡಿ.

ಎರೆಹೊಲ (ಗದಗ)
ಬಾಳ ಉಪಯೋಗ ಆತು. ಐದು ಲೆಕ್ಕದ ಒಂದು ಹಾಳಿ ಮಾಡೀನಿ. ಪ್ರತಿ ಲೆಕ್ಕದಾಗ ಬಿಡಿಸೂ ಮೊದಲು ‘ಯಾಕ ಸಮ’ ಅಂತ ಒಂದು ಸಾಲು, ಬಿಡಿಸಿದ ಮ್ಯಾಲ ತಾಳೆ ಒಂದು ಸಾಲು. ತಪ್ಪು ಇದ್ರ ಹೇಳ್ರಿ.

ಅ) 7/12 = ಯ/30
ಆ) (ಯ + 1)/3 = (ಯ − 2)/2
ಇ) 12 ಎತ್ತಿಗೆ 18 ದಿನ ಸಾಲೂವಷ್ಟು ಮೇವು ಐತಿ. 3 ಎತ್ತು ಮಾರಿದ್ರ ಮೇವು ಎಷ್ಟು ದಿನ ಬರತೈತಿ?
ಈ) 50 ಕಿಲೋ ಹಸಿ ಮೆಣಸಿನಕಾಯಿ, ನೀರು ಶೇಕಡಾ 78. ಶೇಕಡಾ 12ಕ್ಕ ಒಣಗಿಸಿದ್ರ ಎಷ್ಟು ಕಿಲೋ?
ಉ) ಯ/9 = 4/ಯ

ಹಳೇಬಸ್‌ಸ್ಟ್ಯಾಂಡ್ (ಹುಬ್ಬಳ್ಳಿ)
17.5, 8, 72, 12.5, 6.

ಕೆಂಪುರಾಶಿ (ಬ್ಯಾಡಗಿ)
ಈ ಸರಿ ಐತ್ರಿ. ಒಣ ಭಾಗ 11 ಕಿಲೋ, 88/100 = 11/ಯ.

ಕೂರಿಗೆ (ನವಲಗುಂದ)
ಇ ತಪ್ಪು. 12 × 18 = 216 ಸರಿ, ಆದ್ರ ಭಾಗಿಸಿದ್ದು ಮಾರಿದ 3 ರಿಂದ. ಮೇವು ತಿನ್ನೂವು ಉಳಿದ 9. 216/9 = 24 ದಿನ.

ಅಂಶಛೇದ (ಧಾರವಾಡ)
ಉ ಅರ್ಧ ಆಗೇತಿ. ಯ² = 36, ಹಂಗಾಗಿ −6 ಸೈತ ಬರತೈತಿ. ತಾಳೆ: −6/9 ಮತ್ತು 4/(−6), ಎರಡೂ −2/3. ಯ ಅಂದ್ರ ಉದ್ದ ಅಂತ ಪ್ರಶ್ನೆಯೊಳಗ ಹೇಳಿದ್ರ ಮಾತ್ರ −6 ಬಿಡ್ರಿ.